ಅನುದಾನ ಸಿಕ್ಕರೆ ನಮ್ಮೂರಿಗೆ ವಿಮಾನ ಬರುತ್ತದೆಯೇ?

ಪ್ರಶ್ನೆ: ಅಮೆರಿಕದ ಮಧ್ಯಪಶ್ಚಿಮದ ಒಂದು ಸಣ್ಣ ಊರಿನಲ್ಲಿ ಬಹಳ ವರ್ಷಗಳಿಂದ ಇದ್ದೇವೆ. ನನ್ನದೊಂದು ದಂತ ಚಿಕಿತ್ಸಾಲಯ ಇದೆ. ಮೊದಲು ಇಲ್ಲಿಂದ ಶಿಕಾಗೊಗೆ ದಿನಕ್ಕೆ ಎರಡು ವಿಮಾನ ಇದ್ದವು. ಏರ್‌ಲೈನ್‌ನವರು ಅವನ್ನು ನಿಲ್ಲಿಸಿಬಿಟ್ಟರು. ಈಗ ಎಲ್ಲಿಗೆ ಹೋಗಬೇಕಾದರೂ ಎರಡೂವರೆ ಗಂಟೆ ಕಾರು ಓಡಿಸಿ ದೊಡ್ಡ ವಿಮಾನ ನಿಲ್ದಾಣ ಸೇರಬೇಕು. ನಗರಸಭೆಯವರು ಫೆಡರಲ್ ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕುತ್ತಿದ್ದಾರೆ. ಅದಕ್ಕೆ ಊರಿನವರ ಪಾಲೂ ಬೇಕಂತೆ. ಚೇಂಬರ್ ಆಫ್ ಕಾಮರ್ಸ್‌ನವರು ನನ್ನಿಂದ ಹತ್ತು ಸಾವಿರ ಡಾಲರ್ ನಿರೀಕ್ಷಿಸುತ್ತಿದ್ದಾರೆ. ಕೊಡಲೇ? ಇದರಿಂದ ವಿಮಾನ ನಿಜಕ್ಕೂ ಬರುತ್ತದೆಯೇ, ಬಂದರೆ ಉಳಿಯುತ್ತದೆಯೇ? ನಮಗಿಂತ ಚಿಕ್ಕದಾದ ಪಕ್ಕದ ಊರಿಗೆ ಸರ್ಕಾರವೇ ದುಡ್ಡು ಕೊಟ್ಟು ವಿಮಾನ ಓಡಿಸುತ್ತಿದೆ. ನಮಗೇಕೆ ಆ ಭಾಗ್ಯ ಇಲ್ಲ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಅರ್ಥವಾದರೆ ಉಳಿದದ್ದು ಸಲೀಸು.

ಪಕ್ಕದ ಊರಿಗೆ ಸಿಗುತ್ತಿರುವುದು ಎಸೆನ್ಷಿಯಲ್ ಏರ್ ಸರ್ವಿಸ್ ಎಂಬ ಬೇರೆಯೇ ಯೋಜನೆಯ ಹಣ. ಅದರ ಬೇರು 1978ರಲ್ಲಿದೆ. ಅಲ್ಲಿಯವರೆಗೆ ಯಾವ ಏರ್‌ಲೈನ್ ಯಾವ ಊರಿಗೆ ಹಾರಬೇಕು, ಎಷ್ಟು ದರ ಹಾಕಬೇಕು ಎಂಬುದನ್ನೆಲ್ಲ ಸಿವಿಲ್ ಏರೊನಾಟಿಕ್ಸ್ ಬೋರ್ಡ್ ತೀರ್ಮಾನಿಸುತ್ತಿತ್ತು. ಆ ವರ್ಷ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಆ ಹಿಡಿತವನ್ನು ಬಿಡಿಸಿತು. ಏರ್‌ಲೈನ್‌ಗಳು ಲಾಭ ಇರುವಲ್ಲಿಗೆ ಹಾರುತ್ತವೆ, ಸಣ್ಣ ಊರುಗಳನ್ನು ಕೈಬಿಡುತ್ತವೆ ಎಂಬುದು ಆಗಲೇ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ, ಅಂದು ಸೇವೆ ಇದ್ದ ಊರುಗಳಿಗೆ ಹತ್ತು ವರ್ಷ ಕನಿಷ್ಠ ಸೇವೆಯ ಭರವಸೆ ಕೊಟ್ಟರು. ಹತ್ತು ಇಪ್ಪತ್ತಾಯಿತು, 1996ರಲ್ಲಿ ಕಾಯಂ ಆಯಿತು. ಇವತ್ತಿಗೂ ಅದು ನಡೆಯುತ್ತಿದೆ. ಅದರ ಹಣದ ಒಂದು ಭಾಗ, ಅಮೆರಿಕದಲ್ಲಿ ಇಳಿಯದೆ ಅದರ ಆಕಾಶವನ್ನು ಹಾದುಹೋಗುವ ವಿಮಾನಗಳು ಕಟ್ಟುವ ಶುಲ್ಕದಿಂದ ಬರುತ್ತದೆ. ಎಂದೂ ಆ ಊರಿನಲ್ಲಿ ಕಾಲಿಡದ ಪ್ರಯಾಣಿಕರು ಅದರ ವಿಮಾನಕ್ಕೆ ದುಡ್ಡು ಹಾಕುತ್ತಿದ್ದಾರೆ ಎಂದಾಯಿತು!

ಆದರೆ ಆ ಬಾಗಿಲು ಈಗ ಮುಚ್ಚಿದೆ. 2012ರ ಕಾನೂನಿನ ಪ್ರಕಾರ, 2011ರ ಸೆಪ್ಟೆಂಬರ್ 30ಕ್ಕೆ ಮುಗಿದ ಒಂದು ವರ್ಷದ ಅವಧಿಯಲ್ಲಿ ಆ ಯೋಜನೆಯೊಳಗೆ ಇದ್ದ ಊರುಗಳಿಗಷ್ಟೇ ಅದರಲ್ಲಿ ಜಾಗ. ಅಲಾಸ್ಕಾ, ಹವಾಯಿಗೆ ವಿನಾಯಿತಿ ಇದೆ. ಆ ವರ್ಷ ನಿಮ್ಮೂರಿಗೆ ಸರ್ಕಾರದ ಹಣವಿಲ್ಲದೆಯೇ ವಿಮಾನ ಓಡುತ್ತಿತ್ತು. ಅಂದರೆ ಅಂದು ನಿಮ್ಮೂರು ಚೆನ್ನಾಗಿದ್ದದ್ದೇ ಇಂದು ಅಡ್ಡಿಯಾಗಿದೆ. ಅನ್ಯಾಯ ಅನ್ನಿಸುತ್ತದೆ, ಹೌದು. ಆದರೆ ಕಾನೂನು ಹಾಗಿದೆ. ನಗರಸಭೆಯಲ್ಲಿ ಯಾರಾದರೂ ‘ಅದಕ್ಕೇ ಅರ್ಜಿ ಹಾಕೋಣ’ ಎಂದರೆ ಸಮಯ ವ್ಯರ್ಥ.

ನಿಮ್ಮವರು ಕೈಹಾಕಿರುವುದು ಸ್ಮಾಲ್ ಕಮ್ಯುನಿಟಿ ಏರ್ ಸರ್ವಿಸ್ ಡೆವಲಪ್‌ಮೆಂಟ್ ಪ್ರೋಗ್ರಾಂ ಎಂಬುದಕ್ಕೆ. 2000ದ ಕಾನೂನಿನಲ್ಲಿ ಪ್ರಾಯೋಗಿಕವಾಗಿ ಹುಟ್ಟಿ, 2002ರಲ್ಲಿ ಮೊದಲ ಅನುದಾನಗಳನ್ನು ಹಂಚಿ, 2003ರಲ್ಲಿ ಕಾಯಂ ಆದ ಯೋಜನೆ ಇದು. ಎಸೆನ್ಷಿಯಲ್ ಏರ್ ಸರ್ವಿಸ್‌ನಲ್ಲಿ ಫೆಡರಲ್ ಸಾರಿಗೆ ಇಲಾಖೆಯೇ ಏರ್‌ಲೈನ್‌ಗಳಿಂದ ಪ್ರಸ್ತಾವ ಕರೆದು, ಆರಿಸಿ, ಹಣ ಕೊಡುತ್ತದೆ. ಇದರಲ್ಲಿ ಹಣ ಬರುವುದು ಊರಿಗೆ. ಏರ್‌ಲೈನ್ ಹುಡುಕುವುದು, ಒಪ್ಪಿಸುವುದು, ಒಪ್ಪಂದ ಮಾಡಿಕೊಳ್ಳುವುದು ಎಲ್ಲ ಊರಿನವರದೇ ಹೊಣೆ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎನ್ನುವುದಕ್ಕೆ ಒಂದು ಉದಾಹರಣೆ. 2022ರ ಮಾರ್ಚ್‌ನಲ್ಲಿ ಸ್ಕೈವೆಸ್ಟ್ ಎಂಬ ಏರ್‌ಲೈನ್, ಪೈಲಟ್‌ಗಳಿಲ್ಲ ಎಂದು ಹೇಳಿ, ಎಸೆನ್ಷಿಯಲ್ ಏರ್ ಸರ್ವಿಸ್‌ನ 29 ಊರುಗಳಿಂದ ಹೊರಡುವುದಾಗಿ ನೋಟಿಸ್ ಕೊಟ್ಟಿತು. ಬದಲಿ ಏರ್‌ಲೈನ್ ಸಿಗುವ ತನಕ ಬಿಡುವಂತಿಲ್ಲ ಎಂದು ಇಲಾಖೆ ಅದನ್ನು ಹಿಡಿದು ನಿಲ್ಲಿಸಿತು. ಅದೇ ವರ್ಷ ಅಮೆರಿಕನ್ ಏರ್‌ಲೈನ್ಸ್ ಅಯೋವಾದ ಡಬ್ಯೂಕ್, ಒಹಾಯೊದ ಟೊಲೀಡೊ, ನ್ಯೂಯಾರ್ಕ್ ರಾಜ್ಯದ ಇಥಾಕಾ ಮತ್ತು ಐಸ್ಲಿಪ್ ಬಿಟ್ಟು ಹೋಯಿತು. ಅವನ್ನು ಹಿಡಿದು ನಿಲ್ಲಿಸುವ ಅಧಿಕಾರ ಯಾರಿಗೂ ಇರಲಿಲ್ಲ. ನಿಮ್ಮೂರು ಈ ಎರಡನೆಯ ಗುಂಪಿನದು. ಅನುದಾನ ಬಂದರೂ ಆ ಗುಂಪಿನಲ್ಲೇ ಇರುತ್ತದೆ.

ಇನ್ನು ಹಣದ ಗಾತ್ರ. ಇಡೀ ದೇಶಕ್ಕೆ ಸೇರಿ ಮೊದಲ ವರ್ಷಗಳಲ್ಲಿ ವರ್ಷಕ್ಕೆ 2 ಕೋಟಿ ಡಾಲರ್ ಇತ್ತು. ಮುಂದೆ ಅರ್ಧಕ್ಕೂ ಕೆಳಗೆ ಇಳಿದ ವರ್ಷಗಳೂ ಇವೆ. 2024ರ ಕಾನೂನು ವರ್ಷಕ್ಕೆ 1.5 ಕೋಟಿ ಡಾಲರ್‌ವರೆಗೆ ಅನುಮತಿ ಕೊಟ್ಟಿದೆ. ಅನುಮತಿ ಬೇರೆ, ಬಜೆಟ್‌ನಲ್ಲಿ ನಿಜವಾಗಿ ಇಡುವ ಹಣ ಬೇರೆ. ವರ್ಷಕ್ಕೆ ಗರಿಷ್ಠ 40 ಊರು, ಒಂದು ರಾಜ್ಯದಿಂದ ನಾಲ್ಕಕ್ಕಿಂತ ಹೆಚ್ಚಿಲ್ಲ. ಏರ್‌ಲೈನ್‌ಗೆ ನೆರವು ಕೊಡುವುದಾದರೆ ಮೂರು ವರ್ಷ ಮೀರುವಂತಿಲ್ಲ. ಭಾರತದ ಉಡಾನ್ ಯೋಜನೆಯ ನೆರವಿಗೂ ಮೂರೇ ವರ್ಷದ ಗಡುವು. ಎರಡು ಕಡೆಯೂ ಇರುವ ನಂಬಿಕೆ ಒಂದೇ: ಮೂರು ವರ್ಷದಲ್ಲಿ ಮಾರ್ಗ ತನ್ನ ಕಾಲ ಮೇಲೆ ನಿಲ್ಲುತ್ತದೆ. ಕೆಲವು ನಿಲ್ಲುತ್ತವೆ. ಮೂರು ವರ್ಷದ ಕಾಲಾವಕಾಶ ಕೊಳ್ಳುವುದಕ್ಕೆ ಇದು ಒಳ್ಳೆಯ ಹಣ. ಇದರಿಂದ ವಿಮಾನ ಕೊಂಡಂತಾಯಿತು ಎಂದುಕೊಂಡರೆ ಮಾತ್ರ ನಿರಾಸೆ ಖಚಿತ.

ನಿಮ್ಮ ಹತ್ತು ಸಾವಿರದ ವಿಷಯಕ್ಕೆ ಬರೋಣ. ಸ್ಥಳೀಯ ಪಾಲು ಇಷ್ಟೇ ಇರಬೇಕೆಂದು ಕಾನೂನು ಹೇಳುವುದಿಲ್ಲ. ಆದರೆ ಆಯ್ಕೆಯಲ್ಲಿ ಆದ್ಯತೆ ಯಾರಿಗೆ ಎಂದು ಅದು ಹೇಳಿರುವ ಪಟ್ಟಿಯಲ್ಲಿ, ವಿಮಾನ ನಿಲ್ದಾಣದ ಆದಾಯ ಬಿಟ್ಟು ಬೇರೆ ಸ್ಥಳೀಯ ಮೂಲದಿಂದ ಹಣ ಹಾಕುವ ಊರು, ಖಾಸಗಿಯವರನ್ನೂ ಜೊತೆಗೂಡಿಸಿಕೊಂಡ ಊರು ಎರಡೂ ಇವೆ. ಅಷ್ಟು ಸಾಲದು ಎಂಬಂತೆ ಇನ್ನೊಂದು ನಿಯಮ: ವಿಮಾನ ನಿಲ್ದಾಣ ತನ್ನ ಆದಾಯವನ್ನು ನೇರವಾಗಿ ಏರ್‌ಲೈನ್‌ಗೆ ಸಬ್ಸಿಡಿಯಾಗಿ ಕೊಡುವಂತಿಲ್ಲ ಎಂಬುದು ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್‌ನ ಕಟ್ಟುನಿಟ್ಟು. ಹೊಸ ಸೇವೆಗೆ ಸೀಮಿತ ಅವಧಿಯವರೆಗೆ ವಿಮಾನ ಇಳಿಸುವ ಶುಲ್ಕ ಮನ್ನಾ ಮಾಡಬಹುದು, ಜಾಹೀರಾತಿಗೆ ಕೈಜೋಡಿಸಬಹುದು, ಅಷ್ಟೇ. ‘ನಿಲ್ದಾಣದ ಖಾತೆಯಲ್ಲಿ ದುಡ್ಡಿದೆಯಲ್ಲ, ನಮ್ಮನ್ನೇಕೆ ಪೀಡಿಸುತ್ತೀರಿ’ ಎಂದು ಚೇಂಬರ್‌ನವರನ್ನು ಬೈಯುವ ಮುಂಚೆ ಇದನ್ನು ನೆನಪಿಡಿ. ಅವರಿಗೂ ಬೇರೆ ದಾರಿ ಕಡಿಮೆ.

ಆ ಹಣ ಹೇಗೆ ಖರ್ಚಾಗುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು. ಊರಿನ ಸಭೆಗಳಲ್ಲಿ ಈ ಭಾಗವನ್ನೇ ಹಾರಿಸಿಬಿಡುತ್ತಾರೆ.

ಸಾಮಾನ್ಯವಾಗಿ ಮಾಡಿಕೊಳ್ಳುವುದು ರೆವಿನ್ಯೂ ಗ್ಯಾರಂಟಿ ಒಪ್ಪಂದ. ಒಂದು ಹಾರಾಟಕ್ಕೆ ಇಷ್ಟು ಆದಾಯ ಬರಲೇಬೇಕು ಎಂದು ಏರ್‌ಲೈನ್ ಮತ್ತು ಊರು ಒಂದು ಮೊತ್ತಕ್ಕೆ ಒಪ್ಪುತ್ತವೆ. ಅಷ್ಟು ಬಂದರೆ ಊರು ಏನೂ ಕೊಡಬೇಕಿಲ್ಲ. ಕಡಿಮೆ ಬಿದ್ದರೆ ಬಿದ್ದಷ್ಟನ್ನು ಗ್ಯಾರಂಟಿ ನಿಧಿಯಿಂದ ತುಂಬಿಕೊಡಬೇಕು.

ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಹಿಡಿಯೋಣ. ಇವು ನಿಮ್ಮೂರಿನ ಒಪ್ಪಂದದವಲ್ಲ, ನಾನು ಇಟ್ಟುಕೊಂಡವು. 50 ಸೀಟಿನ ಜೆಟ್. ಒಂದು ಹಾರಾಟಕ್ಕೆ ಒಪ್ಪಿದ ಮೊತ್ತ 7,500 ಡಾಲರ್. ದಿನಕ್ಕೆ ಎರಡು ಸಲ ಹೋಗಿಬರುವುದು, ಅಂದರೆ ನಾಲ್ಕು ಹಾರಾಟ. ತೆರಿಗೆ ಕಳೆದು ಪ್ರತಿ ಪ್ರಯಾಣಿಕರಿಂದ ಸರಾಸರಿ 190 ಡಾಲರ್. ಫೆಡರಲ್ ಅನುದಾನ ಏಳೂವರೆ ಲಕ್ಷ, ಊರಿನ ಪಾಲು ಎರಡೂವರೆ ಲಕ್ಷ, ಒಟ್ಟು ನಿಧಿ ಹತ್ತು ಲಕ್ಷ ಡಾಲರ್.

ಸರಾಸರಿ 32 ಜನ ಹತ್ತಿದರು ಎಂದುಕೊಳ್ಳಿ. ಆದಾಯ 6,080 ಡಾಲರ್. ಹಾರಾಟಕ್ಕೆ 1,420 ಕಡಿಮೆ ಬಿತ್ತು. ದಿನಕ್ಕೆ 5,680, ಮೂವತ್ತು ದಿನಕ್ಕೆ 1,70,400. ಹತ್ತು ಲಕ್ಷ ಆರು ತಿಂಗಳೂ ಬಾಳುವುದಿಲ್ಲ. ಈಗ 37 ಜನ ಹತ್ತಿದರು ಎನ್ನಿ. ಹಾರಾಟಕ್ಕೆ 470 ಮಾತ್ರ ಕಡಿಮೆ, ತಿಂಗಳಿಗೆ 56,400. ಅದೇ ಹತ್ತು ಲಕ್ಷ ಹದಿನೇಳು ತಿಂಗಳಿಗೂ ಹೆಚ್ಚು ಬರುತ್ತದೆ. 40 ಜನ ಹತ್ತಿದರೆ ನಿಧಿಯನ್ನು ಮುಟ್ಟುವುದೇ ಬೇಡ. ಒಂದು ವಿಮಾನಕ್ಕೆ ಐದು ಜನ ಹೆಚ್ಚೋ ಕಡಿಮೆಯೋ ಎನ್ನುವುದರ ಮೇಲೆ ಇಡೀ ಯೋಜನೆಯ ಆಯುಷ್ಯ ಮೂರುಪಟ್ಟು ಬದಲಾಗುತ್ತದೆ. ಮೂರು ವರ್ಷದ ಅವಕಾಶ ಕಾಗದದ ಮೇಲಿರುತ್ತದೆ. ನಿಧಿ ಎಷ್ಟು ದಿನ ಬರುತ್ತದೋ ಅಷ್ಟೇ ನಿಜವಾದ ಅವಧಿ.

ಹೊಸ ಮಾರ್ಗದ ಮೊದಲ ಕೆಲವು ತಿಂಗಳು ವಿಮಾನ ಖಾಲಿ ಹೊಡೆಯುವುದೇ ಹೆಚ್ಚು. ಜನಕ್ಕೆ ಅಭ್ಯಾಸ ತಪ್ಪಿರುತ್ತದೆ, ಮುಂದಿನ ಪ್ರಯಾಣದ ಟಿಕೆಟ್ಟನ್ನು ಆಗಲೇ ದೊಡ್ಡ ನಿಲ್ದಾಣದಿಂದ ತೆಗೆದಿರುತ್ತಾರೆ. ಹಾಗಾಗಿ ನಿಧಿ ಸೋರುವುದು ಆರಂಭದಲ್ಲೇ. ತ್ರೈಮಾಸಿಕಕ್ಕೆ ಇಷ್ಟಕ್ಕಿಂತ ಹೆಚ್ಚು ಕೊಡುವುದಿಲ್ಲ ಎಂಬ ಮಿತಿ ಒಪ್ಪಂದದಲ್ಲಿ ಇಲ್ಲದಿದ್ದರೆ, ಜನ ಅಭ್ಯಾಸಕ್ಕೆ ಬರುವ ಹೊತ್ತಿಗೆ ಪೆಟ್ಟಿಗೆ ಬರಿದಾಗಿರುತ್ತದೆ.

ಇನ್ನೂ ಒಳಗಿನ ಒಂದು ವಿಷಯ ಇದೆ. ಆ 190 ಡಾಲರ್ ಎಲ್ಲಿಂದ ಬಂತು? ನಿಮ್ಮೂರಿಂದ ಶಿಕಾಗೊಗೆ ಹೋಗುವವರಲ್ಲಿ ಬಹುಪಾಲು ಜನಕ್ಕೆ ಶಿಕಾಗೊದಲ್ಲಿ ಕೆಲಸವೇ ಇರುವುದಿಲ್ಲ, ಅಲ್ಲಿ ವಿಮಾನ ಬದಲಿಸಿ ಮುಂದೆ ಹೋಗುತ್ತಾರೆ. ಲಾಸ್ ಏಂಜಲೀಸ್‌ಗೆ 400 ಡಾಲರ್ ಕೊಟ್ಟ ಪ್ರಯಾಣಿಕರ ಹಣದಲ್ಲಿ ನಿಮ್ಮ ಚಿಕ್ಕ ಹಾರಾಟಕ್ಕೆ ಎಷ್ಟು ಜಮೆ ಮಾಡಬೇಕು? ಮೈಲಿ ಲೆಕ್ಕ ಹಾಕಿದರೆ, ನಿಮ್ಮೂರಿಂದ ಶಿಕಾಗೊ 150 ಮೈಲಿ, ಅಲ್ಲಿಂದ ಲಾಸ್ ಏಂಜಲೀಸ್ ಹತ್ತಿರಹತ್ತಿರ 1,750 ಮೈಲಿ; ನಿಮ್ಮ ಹಾರಾಟದ ಪಾಲಿಗೆ ಬರುವುದು 32 ಡಾಲರ್ ಕೂಡ ಅಲ್ಲ. ವಿಮಾನ ತುಂಬಿ ಹೋದರೂ ಪುಸ್ತಕದಲ್ಲಿ ನಷ್ಟ. ಆ ನಷ್ಟವನ್ನು ತುಂಬಿಕೊಡುವುದು ನಿಮ್ಮೂರು. ಅತ್ತ ಏರ್‌ಲೈನ್‌ಗೆ ಪೂರ್ತಿ 400 ಡಾಲರ್ ಬಂದಿದೆ, ಅದೂ ನಿಮ್ಮೂರಿನ ಹಾರಾಟ ಇಲ್ಲದಿದ್ದರೆ ಬರುತ್ತಿರಲಿಲ್ಲ. ಈ ಹಂಚಿಕೆಯ ಸೂತ್ರ ಒಪ್ಪಂದದ ಯಾವುದೋ ಅನುಬಂಧದಲ್ಲಿ ಎರಡು ಸಾಲಿನಲ್ಲಿರುತ್ತದೆ. ನಾನಾದರೆ ಮೊದಲು ತೆರೆದು ಓದುವುದು ಅದನ್ನೇ.

ಹಣ ಕೈಗೆ ಬರುವ ರೀತಿಯೂ ಗೊತ್ತಿರಲಿ. ಸಾರಿಗೆ ಇಲಾಖೆ ಮುಂಗಡ ಕೊಡುವುದಿಲ್ಲ. ಊರು ಮೊದಲು ಏರ್‌ಲೈನ್‌ಗೆ ಕೊಟ್ಟು, ಬಿಲ್ಲು ಸಲ್ಲಿಸಿ, ಫೆಡರಲ್ ಪಾಲನ್ನು ಆಮೇಲೆ ಪಡೆಯಬೇಕು. ಅನುದಾನದ ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಮಾಡಿದ ಖರ್ಚಿಗೆ ಏನೂ ಸಿಗುವುದಿಲ್ಲ. ಅರ್ಜಿಯ ವಿಧಿವಿಧಾನಗಳು ನಗರಸಭೆಯ ಗುಮಾಸ್ತರ ಕೆಲಸ, ಅದರ ಗೊಡವೆ ನಿಮಗೆ ಬೇಡ.

ಇಷ್ಟೆಲ್ಲ ಸರಿಯಾಗಿದ್ದರೂ ಏರ್‌ಲೈನ್ ಯಾಕೆ ಹೊರಟುಹೋಗುತ್ತದೆ? ನಷ್ಟ ಆಗುತ್ತಿದೆ ಎಂಬುದು ಪೂರ್ತಿ ಉತ್ತರವಲ್ಲ. ಲಾಭ ಬರುತ್ತಿದ್ದ ಊರುಗಳನ್ನೂ ಬಿಟ್ಟಿದ್ದಾರೆ. ಅದೇ ವಿಮಾನ, ಅದೇ ಪೈಲಟ್‌ಗಳನ್ನು ಬೇರೆ ಮಾರ್ಗದಲ್ಲಿ ಹಾಕಿದರೆ ಇನ್ನೂ ಹೆಚ್ಚು ಬರುತ್ತದೆ ಎಂದಾದರೆ ಸಾಕು. ಪೈಲಟ್‌ಗಳೂ ಸುಲಭವಾಗಿ ಸಿಗುವುದಿಲ್ಲ. 2009ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೊ ಬಳಿ ಕೋಲ್ಗನ್ ಏರ್‌ನ ವಿಮಾನ ಬಿದ್ದು 50 ಜನ ಸತ್ತ ಮೇಲೆ ಕಾನೂನು ಬಿಗಿಯಾಯಿತು. 2013ರಿಂದ ಸಹಪೈಲಟ್ ಆಗಲಿಕ್ಕೂ ಸಾಮಾನ್ಯವಾಗಿ 1,500 ಗಂಟೆ ಹಾರಾಟದ ಅನುಭವ ಬೇಕು, ಮೊದಲು 250 ಗಂಟೆಗೆ ಆಗುತ್ತಿತ್ತು. ಸಣ್ಣ ಏರ್‌ಲೈನ್‌ಗಳು ಇದರಿಂದಲೇ ಪೈಲಟ್‌ಗಳ ಬರ ಬಂತು ಎನ್ನುತ್ತವೆ. ಪೈಲಟ್‌ಗಳ ಸಂಘಟನೆಗಳು, ಸಂಬಳ ಕಡಿಮೆ ಕೊಟ್ಟಿದ್ದೇ ಕಾರಣ ಎನ್ನುತ್ತವೆ. ಎರಡರಲ್ಲೂ ಸತ್ಯಾಂಶ ಇದೆ ಎಂಬುದು ನನ್ನ ಅಭಿಪ್ರಾಯ. ಜೊತೆಗೆ 50 ಸೀಟಿನ ಜೆಟ್‌ಗಳಿಗೆ ವಯಸ್ಸಾಗಿದೆ, ಆ ಗಾತ್ರದ ಹೊಸ ಜೆಟ್ ಯಾರೂ ತಯಾರಿಸುತ್ತಿಲ್ಲ. 70 ಸೀಟಿನದನ್ನು ದಿನಕ್ಕೆ ನಾಲ್ಕು ಹಾರಾಟ ತುಂಬಿಸುವ ಶಕ್ತಿ ಎಲ್ಲ ಊರಿಗೂ ಇರುವುದಿಲ್ಲ. ಇದನ್ನೆಲ್ಲ ಯಾವ ಅನುದಾನವೂ ಸರಿಪಡಿಸಲಾರದು.

ಹಿಂದಿನ ಫಲಿತಾಂಶ ಏನು ಹೇಳುತ್ತದೆ? ಅಮೆರಿಕ ಕಾಂಗ್ರೆಸ್ಸಿನ ಲೆಕ್ಕಪರಿಶೋಧನಾ ಸಂಸ್ಥೆ 2005ರಲ್ಲಿ ಆರಂಭದ ಯೋಜನೆಗಳನ್ನು ಪರಿಶೀಲಿಸಿ, ಫಲ ಮಿಶ್ರವಾಗಿದೆ ಎಂದಿತು. ಕೆಲವು ಊರುಗಳಲ್ಲಿ ಸೇವೆ ಸುಧಾರಿಸಿ ಅನುದಾನ ಮುಗಿದ ಮೇಲೂ ಉಳಿದಿತ್ತು, ಇನ್ನು ಕೆಲವು ಕಡೆ ಹಣ ನಿಂತ ಕೂಡಲೇ ವಿಮಾನವೂ ನಿಂತಿತ್ತು. ಆಮೇಲಿನ ಅನುಭವವೂ ಇದಕ್ಕಿಂತ ಬಹಳ ಭಿನ್ನವಲ್ಲ.

ಯಶಸ್ಸಿನ ಕಥೆ ಎಂದರೆ ಎಲ್ಲರೂ ಕ್ಯಾನ್ಸಸ್‌ನ ವಿಚಿಟಾ ನಗರದ ಕಡೆ ಕೈತೋರಿಸುತ್ತಾರೆ. ನಿಮ್ಮ ಸಭೆಯಲ್ಲೂ ಆ ಹೆಸರು ಬಂದೇ ಬರುತ್ತದೆ. ಅಲ್ಲಿ ಟಿಕೆಟ್ ದರ ವಿಪರೀತ ಎಂದು ದೂರಿತ್ತು. 2002ರಲ್ಲಿ ನಗರಾಡಳಿತವೇ ಆದಾಯದ ಗ್ಯಾರಂಟಿ ಕೊಟ್ಟು ಏರ್‌ಟ್ರಾನ್ ಎಂಬ ಅಗ್ಗದ ಏರ್‌ಲೈನನ್ನು ಕರೆತಂದಿತು. ಸ್ಪರ್ಧೆಗೆ ಬಿದ್ದು ಉಳಿದವರೂ ದರ ಇಳಿಸಿದರು, ಪ್ರಯಾಣಿಕರು ಹೆಚ್ಚಿದರು. ಇದು ನಿಜ. ಆದರೆ ಅದು ಒಂದೆರಡು ವರ್ಷದ ನೆರವಿನಿಂದ ಮುಗಿದ ಕೆಲಸವಲ್ಲ. 2006ರಲ್ಲಿ ರಾಜ್ಯದ ಶಾಸನಸಭೆ ವರ್ಷಕ್ಕೆ 50 ಲಕ್ಷ ಡಾಲರ್ ಇಡಲು ಒಪ್ಪಿತು, ಸಾರ್ವಜನಿಕ ಹಣ ವರ್ಷವರ್ಷವೂ ಹರಿಯಿತು, ಏರ್‌ಟ್ರಾನನ್ನು ಕೊಂಡ ಸೌತ್‌ವೆಸ್ಟ್ 2013ರಲ್ಲಿ ಅಲ್ಲಿಗೆ ಕಾಲಿಟ್ಟಿತು. ಮೇಲಾಗಿ ವಿಚಿಟಾ ವಿಮಾನ ತಯಾರಿಕೆಯ ನಗರ, ಲಕ್ಷಗಟ್ಟಲೆ ಜನಸಂಖ್ಯೆ ಉಳ್ಳದ್ದು. ಅದನ್ನು ನಿಮ್ಮೂರಿಗೆ ಮಾದರಿ ಎಂದು ತೋರಿಸುವವರು ಅರ್ಧ ಕಥೆ ಹೇಳುತ್ತಿದ್ದಾರೆ.

ನಿಮ್ಮೂರಿನ ವಿಷಯದಲ್ಲಿ ನಿರ್ಣಾಯಕವಾದದ್ದು ಬೇರೆ. ನಮ್ಮ ಕಸುಬಿನಲ್ಲಿ ಇದಕ್ಕೆ ಲೀಕೇಜ್ ಎನ್ನುತ್ತೇವೆ: ಊರಿನಲ್ಲಿ ವಿಮಾನ ಇದ್ದರೂ ಕಾರು ಹತ್ತಿ ದೊಡ್ಡ ನಿಲ್ದಾಣಕ್ಕೆ ಹೋಗುವವರು. ನಾಲ್ಕು ಜನರ ಸಂಸಾರಕ್ಕೆ ತಲೆಗೆ 80 ಡಾಲರ್ ಉಳಿದರೂ 320 ಆಯಿತು, ಎರಡೂವರೆ ಗಂಟೆ ಏನು ಮಹಾ ಎನ್ನುತ್ತಾರೆ. ತಪ್ಪಲ್ಲ. ಆದರೆ ಕಂಪನಿಯ ಖರ್ಚಿನಲ್ಲಿ ಓಡಾಡುವವರು, ಆಸ್ಪತ್ರೆಗೆ ವಾರಕ್ಕೊಮ್ಮೆ ಬರುವ ತಜ್ಞ ವೈದ್ಯರು, ಕಾಲೇಜಿನ ಅಧ್ಯಾಪಕರು — ಇವರೂ ಕಾರು ಹತ್ತುತ್ತಿದ್ದರೆ ಆ ಮಾರ್ಗಕ್ಕೆ ಭವಿಷ್ಯ ಇಲ್ಲ. ಹಿಂದಿನ ಸಲ ವಿಮಾನ ನಿಂತಾಗ ಅದರಲ್ಲಿ ಎಷ್ಟು ಸೀಟು ತುಂಬುತ್ತಿತ್ತು, ಯಾರು ಹತ್ತುತ್ತಿದ್ದರು ಎಂದು ನಗರಸಭೆಯವರನ್ನು ಕೇಳಿ. ಅಧ್ಯಯನ ಮಾಡಿಸಿದ್ದರೆ ಉತ್ತರ ಅವರ ಬಳಿ ಇರುತ್ತದೆ. ಮಾಡಿಸಿಲ್ಲ ಎಂದಾದರೆ, ಈ ಅನುದಾನವನ್ನೇ ಮೊದಲು ಅಧ್ಯಯನಕ್ಕೆ ಬಳಸಲು ಅವಕಾಶ ಇದೆ. ಸಣ್ಣ ಮೊತ್ತದ ಅರ್ಜಿ ಎಂದು ಯಾರೂ ಹೀಯಾಳಿಸುವುದಿಲ್ಲ.

ಈಗ, ಕೊಡಲೇ ಬೇಡವೇ? ನಿಮ್ಮ ಹತ್ತು ಸಾವಿರ ಯಾವ ಪೆಟ್ಟಿಗೆಗೆ ಬೀಳುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಕೆಲವು ಊರುಗಳಲ್ಲಿ ಟ್ರಾವೆಲ್ ಬ್ಯಾಂಕ್ ಎಂಬ ಏರ್ಪಾಡು ಇರುತ್ತದೆ. ಅದರಲ್ಲಿ ನೀವು ಇಟ್ಟ ಹಣಕ್ಕೆ ಆ ಏರ್‌ಲೈನ್‌ನ ಟಿಕೆಟ್ ನಿಮಗೇ ಸಿಗುತ್ತದೆ, ಅದು ಮುಂಗಡ ಖರೀದಿಯಂತೆ. ಗ್ಯಾರಂಟಿ ನಿಧಿಗೆ ಹಾಕಿದರೆ ಅದು ಖರ್ಚಾಗಿ ಹೋಗಬಹುದಾದ ಹಣ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಗೊಂದಲ ಮಾಡುವುದು ಸಭೆಗಳಲ್ಲಿ ಮಾಮೂಲು. ಅನುದಾನ ಸಿಗದಿದ್ದರೆ ನಿಮ್ಮ ಹಣ ವಾಪಸು ಬರುತ್ತದೆಯೇ, ಅನುದಾನ ಸಿಕ್ಕಿಯೂ ಏರ್‌ಲೈನ್ ಒಪ್ಪದಿದ್ದರೆ ಏನಾಗುತ್ತದೆ, ಇದನ್ನೂ ಕೇಳಿ. ಎರಡನೆಯದು ಅಪರೂಪವೇನಲ್ಲ. ಮಂಜೂರಾದ ಅನುದಾನ ಕೈಯಲ್ಲಿಟ್ಟುಕೊಂಡು ಏರ್‌ಲೈನ್‌ಗಳ ಬಾಗಿಲು ತಟ್ಟುತ್ತಾ ತಿರುಗಿದ ಊರುಗಳಿವೆ. ಏರ್‌ಲೈನ್ ಬರೆದುಕೊಟ್ಟ ಪತ್ರ ಅರ್ಜಿಯ ಜೊತೆ ಇದೆಯೇ ಎಂದು ನೋಡಿ. ಇದ್ದರೆ ಅದರ ಒಕ್ಕಣೆ ಓದಿ. ‘ಆಸಕ್ತಿ ಇದೆ’ ಎನ್ನುವ ಪತ್ರಕ್ಕೆ ಬೆಲೆ ಕಡಿಮೆ. ಯಾವ ವಿಮಾನ, ದಿನಕ್ಕೆ ಎಷ್ಟು ಸಲ, ಯಾವ ಹಬ್‌ಗೆ (ಪ್ರಯಾಣಿಕರು ವಿಮಾನ ಬದಲಿಸುವ ದೊಡ್ಡ ನಿಲ್ದಾಣಕ್ಕೆ) ಎಂದು ಬರೆದಿರುವ ಪತ್ರವಾದರೆ ಮಾತು ಬೇರೆ.

ಹಾರಾಟದ ಸಮಯವನ್ನೂ ಕೇಳಲು ಮರೆಯಬೇಡಿ. ಬೆಳಗ್ಗೆ ಆರೂವರೆಗೆ ಹೊರಟು ರಾತ್ರಿ ವಾಪಸು ಬರುವ ವಿಮಾನವಾದರೆ ಕೆಲಸದವರು ಹತ್ತುತ್ತಾರೆ. ಮಧ್ಯಾಹ್ನ ಒಂದಕ್ಕೆ ಬಂದು ಎರಡಕ್ಕೆ ಹೋಗುವ ವಿಮಾನವಾದರೆ ನಿಮ್ಮ ದುಡ್ಡು ಉಳಿಸಿಕೊಳ್ಳಿ ಎನ್ನುತ್ತೇನೆ.

ಇದಕ್ಕೆಲ್ಲ ಸರಿಯಾದ ಉತ್ತರ ಸಿಗದಿದ್ದರೆ ನಗರಸಭೆಯ ಮುಂದೆ ಬಸ್ಸಿನ ಮಾತು ಎತ್ತಿ. ನಗುತ್ತಾರೆ, ನಗಲಿ. ಲ್ಯಾಂಡ್‌ಲೈನ್ ಎಂಬ ಕಂಪನಿ ಏರ್‌ಲೈನ್‌ಗಳ ಜೊತೆ ಸೇರಿ ಬಸ್ಸನ್ನೇ ವಿಮಾನದ ಟಿಕೆಟ್ಟಿನ ಒಂದು ಭಾಗವಾಗಿ ಓಡಿಸುತ್ತದೆ. ಮಿನೆಸೋಟದಲ್ಲಿ ಸನ್ ಕಂಟ್ರಿ ಜೊತೆ 2019ರಲ್ಲಿ ಶುರುಮಾಡಿತು. ಆಮೇಲೆ ಯುನೈಟೆಡ್ ಡೆನ್ವರ್‌ನಿಂದ, ಅಮೆರಿಕನ್ ಫಿಲಡೆಲ್ಫಿಯಾದಿಂದ ಅದನ್ನೇ ಬಳಸಿದವು. ಒಂದೇ ಟಿಕೆಟ್, ಕಾರು ನಿಲ್ಲಿಸುವ ಬಾಡಿಗೆ ಇಲ್ಲ, ಹಿಮ ಬೀಳುವ ರಾತ್ರಿ ನೀವು ಸ್ಟೀರಿಂಗ್ ಹಿಡಿಯಬೇಕಿಲ್ಲ. ಊರಿಗೆ ವಿಮಾನ ಬಂತು ಎಂಬ ಹೆಮ್ಮೆ ಅದರಲ್ಲಿ ಸಿಗುವುದಿಲ್ಲ. ಆದರೆ 50 ಸೀಟಿನ ಜೆಟ್‌ನಷ್ಟು ಜನರನ್ನು ಅದು ಬೇಡುವುದೂ ಇಲ್ಲ.